ಕೆರೆ ಕಟ್ಟಿದವನಿಗೆ ಬಿದ್ದ ಮಾತು

ಬೆಳಿಗ್ಗೆ ಮೊಬೈಲು ಕೈಗೆತ್ತಿಕೊಂಡರೆ ಹತ್ತು ಮಹನೀಯರ ಹತ್ತು ನುಡಿಮುತ್ತು. ಸಂಜೆಗೆ ಅದರಲ್ಲಿ ಒಂದೂ ನೆನಪಿರುವುದಿಲ್ಲ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಅಣಿಯಾಗುವ ಸೊಲ್ಲಾಪುರ ಮತ್ತು ಗುರುವಾರ ಬಂತೆಂದರೆ ತುಂಬಿ ತುಳುಕುವ ಅಕ್ಕಲಕೋಟೆಯಲ್ಲಿ ದೊಡ್ಡವರ ಮಾತು ತಲೆಮಾರು ದಾಟಿ ಬಂದಿದೆ. ಅಲ್ಲಿ ಅದು ಉಳಿದದ್ದು ಹೇಗೆ?

ಗುರುವಾರದ ಬೆಳಗು. ಅಕ್ಕಲಕೋಟೆಯ ವಟವೃಕ್ಷ ಮಂದಿರದ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ರಾತ್ರಿಯೆಲ್ಲ ಓಡಿ ಬಂದ ಪುಣೆ, ಮುಂಬೈ ಪಾಸಿಂಗಿನ ಗಾಡಿಗಳು ರಸ್ತೆಯ ಎರಡೂ ಬದಿಗೆ ಸಾಲುಗಟ್ಟಿವೆ. ಹೂವಿನವರು, ಪೇಢೆಯವರು, ತೆಂಗಿನಕಾಯಿಯವರು ಒಟ್ಟಿಗೇ ಕೂಗುತ್ತಾರೆ. ಒಂದು ಕೂಗು ಮರಾಠಿಯಲ್ಲಿದ್ದರೆ ಅದರ ಬೆನ್ನಿಗೇ ಇನ್ನೊಂದು ಕನ್ನಡದಲ್ಲಿ.

ಸಾಲಿನ ಹೊರಗೆ ನಿಂತ ಆಟೊವೊಂದರ ಹಿಂಬದಿಯಲ್ಲಿ ಕೇಸರಿ ಬಣ್ಣದ ಅಕ್ಷರಗಳು: ‘ಭಿಊ ನಕೋಸ್, ಮೀ ತುಝ್ಯಾ ಪಾಠೀಶೀ ಆಹೇ.’ ಹೆದರಬೇಡ, ನಾನು ನಿನ್ನ ಬೆನ್ನಿಗಿದ್ದೇನೆ. ಈ ಮಂದಿರದ ಸ್ವಾಮಿ ಸಮರ್ಥರ ಮಾತೆಂದು ಭಕ್ತರು ನಂಬಿರುವ ಸಾಲು ಇದು. ಟ್ರಕ್ಕು, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ, ಆಸ್ಪತ್ರೆಯ ಹಾಸಿಗೆಯ ದಿಂಬಿನಡಿ ಇಟ್ಟ ಚಿಕ್ಕ ಪಟ, ಪರೀಕ್ಷೆಗೆ ಹೊರಟ ಹುಡುಗಿಯ ಕಂಪಾಸ್ ಪೆಟ್ಟಿಗೆ, ಮಹಾರಾಷ್ಟ್ರದಲ್ಲಿ ಇದು ಇಲ್ಲದ ಜಾಗ ಹುಡುಕುವುದೇ ಕಷ್ಟ. ಗಡಿಯ ಈಚೆ ಕಲಬುರಗಿ, ವಿಜಯಪುರದ ಗಾಡಿಗಳ ಮೇಲೂ ಕಾಣುತ್ತದೆ.

ಸಮರ್ಥರು ಪುಸ್ತಕ ಬರೆದವರಲ್ಲ. 1856ರ ಸುಮಾರಿಗೆ ಈ ಊರಿಗೆ ಬಂದರು. ಚೋಳಪ್ಪ ಎಂಬ ಗೃಹಸ್ಥರ ಮನೆಯಲ್ಲಿ, ಆಲದ ಮರದ ಕೆಳಗೆ, ಊರ ಓಣಿಗಳಲ್ಲಿ ಎರಡು ದಶಕ ಕಳೆದು 1878ರ ಏಪ್ರಿಲ್‌ನಲ್ಲಿ ಇಲ್ಲಿಯೇ ದೇಹವಿಟ್ಟರು. ಅವರದೆಂದು ಉಳಿದಿರುವ ಮಾತೆಲ್ಲ ಎದುರಿಗೆ ನಿಂತ ಒಬ್ಬರಿಗೆ ಹೇಳಿದ್ದು, ಆ ಒಬ್ಬರು ಮನೆಗೆ ಹೊತ್ತು ತಂದದ್ದು.

ಆ ಎರಡು ದಶಕದ ಆರಂಭದಲ್ಲಿ 1857ರ ದಂಗೆ ನಡೆಯಿತು. ಕೊನೆಯಲ್ಲಿ ಬಂದದ್ದು 1876–78ರ ಬರಗಾಲ. ದಖ್ಖನದ ಊರೂರುಗಳನ್ನು ಬರಿದು ಮಾಡಿದ ಆ ಬರದಲ್ಲಿ ಸೊಲ್ಲಾಪುರ ಸೀಮೆ ಬಹಳ ನರಳಿತು. ಹಗೇವು ಖಾಲಿಯಾಗಿ, ದನಗಳನ್ನು ಮಾರಿ, ಮುಂದೇನು ಎಂದು ತಿಳಿಯದೆ ನಿಂತವನಿಗೆ ‘ಹೆದರಬೇಡ’ ಎಂಬುದು ಎಷ್ಟು ಭಾರದ ಮಾತು! ನಾವು ಇವತ್ತು ಓದುವ ಸ್ಟಿಕ್ಕರಿನಲ್ಲಿ ಆ ಬರವಿಲ್ಲ, ಆ ಹೊಟ್ಟೆಯಿಲ್ಲ, ಕೇಳಿದವನ ಮುಖವಿಲ್ಲ. ಸಾಲು ಮಾತ್ರ ಇದೆ. ಹಾಗಿದ್ದೂ ಅದು ಕೆಲಸ ಮಾಡುತ್ತಿದೆಯಲ್ಲ ಎಂದರೆ, ಹೌದು, ಮಾಡುತ್ತಿದೆ. ಭಯ ಎಲ್ಲರಿಗೂ ಇರುವುದರಿಂದ ಅಭಯದ ಮಾತಿಗೆ ವಿಳಾಸ ಬೇಕಾಗುವುದಿಲ್ಲ.

ಬೈದು ಬುದ್ಧಿ ಹೇಳಿದ ಮಾತಿಗೆ ಮಾತ್ರ ವಿಳಾಸ ಬೇಕು. ಯಾರು, ಯಾರಿಗೆ, ಎಲ್ಲಿ ನಿಂತು, ಯಾಕೆ ಹೇಳಿದರು ಎಂಬುದು ಗೊತ್ತಿಲ್ಲದಿದ್ದರೆ ಅದು ನಮಗೆ ತಟ್ಟುವುದಿಲ್ಲ. ಅದನ್ನು ತಿಳಿಯಲು ಅಕ್ಕಲಕೋಟೆಯಿಂದ ನಲವತ್ತು ಕಿಲೊಮೀಟರು ಹಿಂದಕ್ಕೆ, ಸೊಲ್ಲಾಪುರಕ್ಕೆ ಬರಬೇಕು.

ಸೊನ್ನಲಿಗೆಯ ಮೌನಿ ಹುಡುಗ

ಜನವರಿಯಲ್ಲಿ ಈ ದಾರಿಯ ಎರಡೂ ಕಡೆ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ಕುಳ್ಳಿನ ಕೆಂಡದಲ್ಲಿ ಹಸಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಶೇಂಗಾ ಹಿಂಡಿಯ ಜೊತೆ ಮುಕ್ಕುವ ಸೀತನಿಯ ಕಾಲ. ಸೊಲ್ಲಾಪುರದ ದೊಡ್ಡ ಕತೆ ಶುರುವಾಗುವುದೂ ಇಂಥದೇ ಒಂದು ಹೊಲದಲ್ಲಿ.

ಹನ್ನೆರಡನೆಯ ಶತಮಾನ. ಆಗ ಊರಿನ ಹೆಸರು ಸೊನ್ನಲಿಗೆ. ಮುದ್ದುಗೌಡ, ಸುಗ್ಗವ್ವೆಯರ ಮಗ ಸಿದ್ಧರಾಮ ಹೆಚ್ಚು ಮಾತಾಡದ ಹುಡುಗ. ಬುದ್ಧಿ ಚುರುಕಿಲ್ಲ ಎಂದು ಊರವರು ಎಣಿಸಿದ್ದರು. ಹೊಲ ಕಾಯುತ್ತಿದ್ದವನ ಮುಂದೆ ಒಬ್ಬ ಜಂಗಮ ಬಂದು ಉಣ್ಣಲು ಕೇಳಿದ. ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಜಂಗಮ ಇರಲಿಲ್ಲ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ ಯಾತ್ರಿಕರ ಹಿಂದೆ ಶ್ರೀಶೈಲದವರೆಗೆ ಹೋದ. ಅಲ್ಲಿಯೂ ಕಾಣದಾದಾಗ ಕಮರಿಗೆ ಹಾರಲು ಹೊರಟ, ಆಗ ಮಲ್ಲಿಕಾರ್ಜುನ ಕೈಹಿಡಿದ. ಹದಿಮೂರನೆಯ ಶತಮಾನದ ರಾಘವಾಂಕ ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಇದನ್ನೆಲ್ಲ ಅಕ್ಕರೆಯಿಂದ ಹಾಡಿದ್ದಾನೆ.

ಶ್ರೀಶೈಲದಿಂದ ಮರಳಿದ ಸಿದ್ಧರಾಮ ಬೇರೆಯೇ ಮನುಷ್ಯ. ಗುಡಿ ಕಟ್ಟಿಸಿದ, ಊರಿನ ಸುತ್ತ ಅರವತ್ತೆಂಟು ಲಿಂಗಗಳನ್ನು ನಿಲ್ಲಿಸಿದ, ಎಲ್ಲಕ್ಕಿಂತ ಮಿಗಿಲಾಗಿ ಕೆರೆ ತೋಡಿಸಿದ. ಮಳೆ ಕೈಕೊಡುವ ಸೀಮೆಯಲ್ಲಿ ನೀರು ನಿಲ್ಲಿಸುವುದಕ್ಕಿಂತ ದೊಡ್ಡ ಪೂಜೆ ಯಾವುದಿದೆ? ಇಂದಿಗೂ ಸಿದ್ಧೇಶ್ವರ ಗುಡಿ ಆ ಕೆರೆಯ ನಡುವೆಯೇ ನಿಂತಿದೆ. ಒಂದು ಬದಿಗೆ ಭುಯಿಕೋಟ್ ಕೋಟೆಯ ಗೋಡೆ ನೀರಿಗೆ ಇಳಿದಿದೆ. ಗುಡಿಯ ಅಂಗಳದಲ್ಲಿ ಸಿದ್ಧರಾಮನ ಯೋಗಸಮಾಧಿ.

ಇಷ್ಟರಲ್ಲೇ ಕತೆ ಮುಗಿದಿದ್ದರೆ ಸಿದ್ಧರಾಮ ಒಬ್ಬ ದೊಡ್ಡ ದಾನಿಯಾಗಿ, ಕೆರೆಯ ಕಲ್ಲಿನ ಮೇಲೆ ಒಂದು ಹೆಸರಾಗಿ ಉಳಿಯುತ್ತಿದ್ದ.

ಅಲ್ಲಮ ಬಂದ ಮಧ್ಯಾಹ್ನ

ಕೆಲಸ ಭರದಿಂದ ಸಾಗಿದೆ. ನೂರಾರು ಮಂದಿ ಮಣ್ಣು ಹೊರುತ್ತಿದ್ದಾರೆ, ಕಲ್ಲು ಸಾಗಿಸುತ್ತಿದ್ದಾರೆ. ಯಾರೋ ಒಬ್ಬ ದಾರಿಹೋಕ ಬಂದು ಏರಿಯ ಮೇಲೆ ನಿಂತು, ನಿಮ್ಮ ಒಡ್ಡರಾಮ ಎಲ್ಲಿದ್ದಾನೆ ಎಂದು ಕೇಳುತ್ತಾನೆ. ಊರಿಗೆ ಊರೇ ದೇವರೆಂದು ಕೈಮುಗಿಯುವ ಗುರುವನ್ನು ಮಣ್ಣು ಹೊರುವವನೆಂದು ಕರೆದರೆ ಸುಮ್ಮನಿರುವವರು ಯಾರು? ಕೈಯಲ್ಲಿದ್ದ ಕಲ್ಲುಗಳೇ ಹಾರಿದವು. ಬಂದವನಿಗೆ ಒಂದೂ ತಾಗಲಿಲ್ಲ. ಸುದ್ದಿ ಕೇಳಿ ಸಿದ್ಧರಾಮನೇ ಕೆಂಡವಾಗಿ ಓಡಿ ಬಂದ. ನಿಂತಿದ್ದವನು ಅಲ್ಲಮಪ್ರಭು.

‘ಶೂನ್ಯಸಂಪಾದನೆ’ಯ ಈ ಪ್ರಸಂಗ ಕನ್ನಡ ಸಾಹಿತ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟಗಳಲ್ಲಿ ಒಂದು. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಗ್ರಂಥ ಅದು. ಹೀಗಾಗಿ ಇದನ್ನು ಕಣ್ಣಾರೆ ಕಂಡವರ ವರದಿ ಎಂದು ಓದಬೇಕಿಲ್ಲ. ಒಂದು ಸಮುದಾಯ ತನ್ನ ಹಿರಿಯನನ್ನು ಹೇಗೆ ನೆನಪಿಟ್ಟುಕೊಳ್ಳಲು ಬಯಸಿತು ಎಂದು ಓದಬೇಕು. ಆ ಸಮುದಾಯ ತನ್ನ ಗುರು ಬೈಸಿಕೊಂಡದ್ದನ್ನು, ಸಿಟ್ಟಾದದ್ದನ್ನು, ಆಮೇಲೆ ತಲೆಬಾಗಿದ್ದನ್ನು ಒಂದೂ ಬಿಡದೆ ಬರೆದಿಟ್ಟಿತು. ಹಿರಿಯರನ್ನು ನೆನೆಯುವಾಗ ಸೋಲಿನ ಪುಟ ಹರಿದುಹಾಕುವುದು ನಮ್ಮೆಲ್ಲರ ರೂಢಿ. ಆ ಹೊತ್ತಿನ ಶರಣರು ಹಾಗೆ ಮಾಡಲಿಲ್ಲ.

ಅಲ್ಲಮ ಹೇಳಿದ್ದರ ಸಾರ ಇಷ್ಟು: ಹೊರಗೆ ಕೆರೆ ತುಂಬಿದೆ, ಗುಡಿ ಎದ್ದಿದೆ, ಒಳಗೇನಾಗಿದೆ? ಇಷ್ಟೆಲ್ಲ ಮಾಡಿದವನು ನಾನು ಎಂಬ ಎಣಿಕೆ ಹೋಗಿದೆಯೇ? ಪುಣ್ಯದ ಲೆಕ್ಕ ಇಟ್ಟುಕೊಂಡವನಿಗೂ ಹಣದ ಲೆಕ್ಕ ಇಟ್ಟುಕೊಂಡವನಿಗೂ ಏನು ವ್ಯತ್ಯಾಸ?

ಇದು ಸೋಮಾರಿಗೆ ಹೇಳಿದ ಮಾತಲ್ಲ ಎಂಬುದನ್ನು ಗಮನಿಸಬೇಕು. ಏನನ್ನೂ ಮಾಡದವನಿಗೆ ಇದೇ ಮಾತು ಹೇಳಿದರೆ ಅವನಿಗೊಂದು ನೆಪ ಸಿಕ್ಕಂತಾಗುತ್ತದೆ: ಕೆರೆ ಕಟ್ಟಿ ಏನು ಬಂತು, ಅಂತರಂಗ ಮುಖ್ಯ ಎಂದು ಕಂಬಳಿ ಹೊದ್ದು ಮಲಗಬಹುದು. ಕೈಯಲ್ಲಿ ಮಣ್ಣಿನ ಕಲೆ ಇರುವಾಗಲೇ, ಊರು ಹೊಗಳುತ್ತಿರುವಾಗಲೇ ಸಿದ್ಧರಾಮನಿಗೆ ಈ ಮಾತು ಬಿತ್ತು. ಆದ್ದರಿಂದಲೇ ನಾಟಿತು. ಪ್ರೇರಣೆಯ ನುಡಿಗಳ ಪಟ್ಟಿಯಲ್ಲಿ ಅಲ್ಲಮನ ಮಾತನ್ನು ಹಾಕಿ, ಈ ಕೆರೆಯ ಏರಿಯನ್ನು ಬಿಟ್ಟುಬಿಟ್ಟರೆ ಅರ್ಥವೇ ತಲೆಕೆಳಗಾಗುತ್ತದೆ.

ಮುಂದಿನದು ಇನ್ನೂ ದೊಡ್ಡದು. ವಾದದಲ್ಲಿ ಸೋತ ಎಷ್ಟು ಮಂದಿ ಸೋಲಿಸಿದವನ ಜೊತೆ ಹೊರಟಿದ್ದಾರೆ? ಸಿದ್ಧರಾಮ ಹೊರಟ. ಕಟ್ಟಿದ ಊರನ್ನು, ಶಿಷ್ಯರನ್ನು, ಹೊಗಳಿಕೆಯನ್ನು ಹಿಂದೆ ಬಿಟ್ಟು ಅಲ್ಲಮನ ಜೊತೆ ಕಲ್ಯಾಣಕ್ಕೆ ನಡೆದ. ಇಷ್ಟಲಿಂಗ ಬೇಕೇ ಎಂದು ಅಲ್ಲಿಯೂ ವಾದ ಮಾಡಿದ. ಕೊನೆಗೆ ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದ. ಶರಣರಲ್ಲೆಲ್ಲ ಬಹಳ ಎಳೆಯ ವಯಸ್ಸಿನವನು ಆ ಚೆನ್ನಬಸವಣ್ಣ. ಕೆರೆ ಕಟ್ಟಿಸಿದ ಹಿರಿಯ ಎಳೆಯನ ಮುಂದೆ ಅಂಗೈ ಒಡ್ಡಿ ನಿಂತದ್ದನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಮ ಮತ್ತು ಚೆನ್ನಬಸವಣ್ಣನ ತರುವಾಯ ಶೂನ್ಯಪೀಠ ಎಂಬ ಗುರುಸ್ಥಾನ ಏರಿದವನು ಸಿದ್ಧರಾಮನೇ ಎಂಬುದು ಶರಣ ಪರಂಪರೆಯ ನಂಬಿಕೆ.

ಅಣಕಕ್ಕೆಂದು ಬಂದ ಆ ‘ಒಡ್ಡ’ ಎಂಬ ಮಾತು ಏನಾಯಿತು? ಕಲ್ಲು, ಮಣ್ಣಿನ ಕೆಲಸವನ್ನೇ ಬಾಳಾಗಿಸಿಕೊಂಡ ಭೋವಿ ಸಮುದಾಯ ಸಿದ್ಧರಾಮನನ್ನು ತನ್ನ ಕುಲಗುರು ಎಂದು ಎದೆಗಪ್ಪಿಕೊಂಡಿತು. ಕರ್ನಾಟಕ ಸರ್ಕಾರ ಸಂಕ್ರಾಂತಿಯ ಹೊತ್ತಿನಲ್ಲಿ ಸಿದ್ಧರಾಮೇಶ್ವರ ಜಯಂತಿ ಆಚರಿಸುವಾಗ ಮೆರವಣಿಗೆಯ ಮುಂದಿರುವವರು ಅವರೇ.

> ಚೌಕಟ್ಟು: ಗಡ್ಡಾ ಜಾತ್ರೆ
>
> ಜನವರಿ ನಡುವೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಹೆಸರಿನಲ್ಲಿ ನಡೆಯುವ ಈ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಅವುಗಳ ಮಾನ ಬೇರೆ ಬೇರೆ ಸಮುದಾಯಗಳಿಗೆ ಸೇರಿದೆ. ಎತ್ತರದ ಬಿದಿರಿನ ಧ್ವಜವನ್ನು ಬೀಳದಂತೆ ಹೊರಲು ವಾರಗಟ್ಟಲೆ ಮೊದಲೇ ತಾಲೀಮು ನಡೆಯುತ್ತದೆ.
>
> ಮೊದಲ ದಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ. ಮರಾಠಿ ಪತ್ರಿಕೆಗಳೂ ಅದನ್ನು ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ‘ಏಕದಾ ಭಕ್ತಲಿಂಗ ಹರ್ರ ಬೋಲಾ ಹರ್ರ’ ಎಂಬ ಘೋಷದ ನಡುವೆ ಬಿಳಿ ಬಾರಾಬಂದಿ ತೊಟ್ಟ ಸಾವಿರಾರು ಮಂದಿ ಅಕ್ಷತೆ ಎರಚುತ್ತಾರೆ.
>
> ದಿನವಿಡೀ ಹಸಿದಿರಿಸಿದ ಕರುವಿನ ಮುಂದೆ ಕಾಳು ಇಟ್ಟು, ಅದರ ನಡೆ ನೋಡಿ ಮಳೆ, ಬೆಳೆ, ಧಾರಣೆಯ ಭವಿಷ್ಯ ಹೇಳುವ ‘ಭಾಕಣೂಕ’ಕ್ಕೆ ರೈತರು ಕಿವಿ ನಿಮಿರಿಸಿ ಕಾಯುತ್ತಾರೆ.

ಹೆಚ್ಚಾದ ಅಕ್ಕಿ

ಕಲ್ಯಾಣದ ಇನ್ನೊಂದು ಮನೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಕಾಯಕದ ಬಗ್ಗೆ ಎರಡೇ ಪದಗಳ ಒಂದು ಮಾತಿದೆ: ‘ಕಾಯಕವೇ ಕೈಲಾಸ’. ಕರ್ನಾಟಕದ ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕು, ಎಲ್ಲೆಡೆ ಗೋಡೆಯ ಮೇಲಿದೆ. ಹೆಚ್ಚಿನ ಕಡೆ ಅದರ ಕೆಳಗೆ ಬಸವಣ್ಣನವರ ಹೆಸರು. ಅದು ನಮಗೆ ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ನೆಲಕ್ಕೆ ಚೆಲ್ಲಿದ ಅಕ್ಕಿಕಾಳು ಆಯ್ದು ಬಾಳಿದ ಒಬ್ಬ ಬಡವನ ವಚನದಲ್ಲಿ.

ಅದೇ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಮಡಿಲಿನ ಗಂಟು ನೋಡಿದಳು, ಗಂಡನ ಮುಖ ನೋಡಿದಳು. ನಮಗೆ ಬೇಕಾದದ್ದಕ್ಕಿಂತ ಇದು ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಆತ ಮರುಮಾತಾಡದೆ ಹೋಗಿ ಸುರಿದು ಬಂದ. ಗೋಡೆಯ ಮೇಲಿನ ಆ ಎರಡು ಪದಗಳಿಗೆ ಬಲ ಬಂದದ್ದು ಈ ಗಂಟು ವಾಪಸು ಹೋದದ್ದರಿಂದ. ಗೋಡೆಯ ಮೇಲೆ ಲಕ್ಕಮ್ಮನ ಹೆಸರು ಎಲ್ಲಿಯೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ. ಮೇಜಿನ ಕೆಳಗಿಂದ ಬರುವ ಗಂಟಿನ ಎದುರು ಈ ಕತೆ ಪೂರ್ತಿ ಬರೆದು ಹಾಕಿದ್ದರೆ ಎರಡು ಪದಗಳಿಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು.

ಮರಾಠಿ ಶಾಲೆಯ ಹುಡುಗಿ

ಶರಣರ ಈ ಮಾತುಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದು ಜೀವವನ್ನು ಹೇಗೆ ಬೆಳೆಸಿದವು ಎಂಬುದಕ್ಕೆ ಸೊಲ್ಲಾಪುರದಲ್ಲೇ ಸಾಕ್ಷಿ ಇದೆ. ಜಯದೇವಿತಾಯಿ ಲಿಗಾಡೆ ಹುಟ್ಟಿದ್ದು 1912ರ ಜೂನ್ 23ರಂದು, ಈ ಊರಿನ ಸಿರಿವಂತ ಮನೆತನದಲ್ಲಿ. ಮನೆಮಾತು ಕನ್ನಡ, ಶಾಲೆ ಮರಾಠಿ. ಹದಿಹರೆಯದಲ್ಲೇ ಮದುವೆ. ಆ ಕಾಲದ ಸಿರಿವಂತರ ಸೊಸೆಗೆ ಇದ್ದ ದಾರಿ ಅಡುಗೆಮನೆಯಿಂದ ದೇವರಮನೆಗೆ, ದೇವರಮನೆಯಿಂದ ಅಡುಗೆಮನೆಗೆ.

ಆ ದೇವರಮನೆಯಲ್ಲಿ ಸಿದ್ಧರಾಮನಿದ್ದ, ಆದರೆ ಆತನ ಮಾತು ಕನ್ನಡ ಅಕ್ಷರದಲ್ಲಿತ್ತು. ಜಯದೇವಿತಾಯಿ ಕನ್ನಡ ಬರಹವನ್ನು ತಾವಾಗಿ ಕಲಿತರು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು, ಇದ್ದದ್ದನ್ನೆಲ್ಲ ಸುರಿದು ವಚನಗಳ ತಾಳೆಗರಿಗಳನ್ನು ಅಚ್ಚಿಗೆ ತರುತ್ತಿದ್ದ ಕಾಲ ಅದು. 1923ರಲ್ಲಿ ‘ವಚನಶಾಸ್ತ್ರ ಸಾರ’ ಬಂದಿತ್ತು. ತಮ್ಮ ಊರಿನ ಗುಡಿಯಲ್ಲಿ ಮಲಗಿರುವ ಮನುಷ್ಯ ಏನು ಹೇಳಿದ್ದ ಎಂದು ಮೊದಲ ಸಲ ತಾವೇ ಓದಿಕೊಂಡ ಆ ಹೆಣ್ಣುಮಗಳು ಅಲ್ಲಿಗೆ ನಿಲ್ಲಲಿಲ್ಲ. ಸಾವಿರಾರು ತ್ರಿಪದಿಗಳಲ್ಲಿ ‘ಸಿದ್ಧರಾಮೇಶ್ವರ ಪುರಾಣ’ ಬರೆದರು. ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಹಾಡುವ ಮಟ್ಟು ಅದು. ಪಂಡಿತರ ಛಂದಸ್ಸು ಬಿಟ್ಟು ಅದನ್ನೇ ಆರಿಸಿಕೊಂಡದ್ದರಲ್ಲಿ ಅವರ ಮನಸ್ಸು ಯಾರ ಕಡೆಗಿತ್ತು ಎಂಬುದು ತಿಳಿಯುತ್ತದೆ.

ಅದರ ಜೊತೆಗೆ ವಚನಗಳನ್ನು ಮರಾಠಿಗೆ ತಂದರು. ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದರು, ಗಡಿಯಲ್ಲಿ ಕನ್ನಡ ಶಾಲೆಗಳಿಗಾಗಿ ಓಡಾಡಿದರು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಊರು ಆಚೆಗೇ ಉಳಿಯಿತು. ಒಂದು ಕೈಯಲ್ಲಿ ಗಡಿಯ ಹೋರಾಟ, ಇನ್ನೊಂದು ಕೈಯಲ್ಲಿ ಗಡಿಯಾಚೆಯ ಭಾಷೆಗೆ ವಚನದ ಕಾಣಿಕೆ. ಎರಡನ್ನೂ ಒಂದೇ ಪ್ರೀತಿಯಿಂದ ಮಾಡಿದ ಇಂಥ ಜೀವ ಅಪರೂಪ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು, ಆ ಪೀಠ ಏರಿದ ಮೊದಲ ಮಹಿಳೆ. ಪರಿಷತ್ತು ಹುಟ್ಟಿ ಆರು ದಶಕ ಆಗುತ್ತ ಬಂದಿತ್ತು. ಕೊನೆಗಾಲದಲ್ಲಿ ಬಸವಕಲ್ಯಾಣಕ್ಕೆ ಬಂದು ನೆಲೆಸಿದ ತಾಯಿ 1986ರಲ್ಲಿ ತೀರಿಕೊಂಡರು. ಸಿದ್ಧರಾಮ ನಡೆದ ದಾರಿಯೂ ಸೊನ್ನಲಿಗೆಯಿಂದ ಕಲ್ಯಾಣಕ್ಕೇ ಇತ್ತು.

> ಚೌಕಟ್ಟು: ಮಾತಿಗಿಂತ ಮುಂದೆ ಹೋದವರು
>
> ನಾಲ್ವರು ಹುತಾತ್ಮರು: 1930ರ ಮೇ ತಿಂಗಳಲ್ಲಿ ಸೊಲ್ಲಾಪುರ ಬ್ರಿಟಿಷರ ಹಿಡಿತದಿಂದ ತಪ್ಪಿಸಿಕೊಂಡಿತು. ಅದಕ್ಕೆ ಉತ್ತರವಾಗಿ ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಊರಿನ ಜಾತ್ರೆ ಕೂಗಳತೆಯಲ್ಲಿದ್ದ ದಿನ ಅದು.
>
> ಡಾ. ದ್ವಾರಕಾನಾಥ ಕೋಟ್ನಿಸ್: 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ವೈದ್ಯ. 1938ರಲ್ಲಿ ಭಾರತದ ವೈದ್ಯಕೀಯ ತಂಡದೊಂದಿಗೆ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆಯಲ್ಲಿದ್ದಾಗಲೇ 1942ರ ಡಿಸೆಂಬರ್ 9ರಂದು ತೀರಿಕೊಂಡರು. ಸೇನೆಗೆ ಒಂದು ಆಸರೆಯ ಕೈ, ದೇಶಕ್ಕೆ ಒಬ್ಬ ಗೆಳೆಯ ಇಲ್ಲವಾದ ಎಂದು ಮಾವೊ ಮರುಗಿದರು.
>


ಹೋಮದ ಮೈದಾನದಲ್ಲಿ ಒಂದು ಪ್ರಶ್ನೆ

ದೊಡ್ಡವರ ಮಾತನ್ನು ನಿಜವಾಗಿ ಓದತೊಡಗಿದರೆ ಒಮ್ಮೊಮ್ಮೆ ಅವರ ಹೆಸರಿನಲ್ಲಿ ನಡೆಯುವ ಆಚರಣೆಯ ಜೊತೆಗೇ ಜಗ್ಗಾಟ ಶುರುವಾಗುತ್ತದೆ. ಗಡ್ಡಾ ಜಾತ್ರೆ ಮೂಲತಃ ಒಂದು ಮದುವೆ. ದಿನವೂ ಸಿದ್ಧರಾಮನ ಅಂಗಳ ಗುಡಿಸಿ ರಂಗೋಲಿ ಇಡುತ್ತಿದ್ದ ಕುಂಬಾರರ ಹುಡುಗಿ ಆತನನ್ನೇ ಮದುವೆಯಾಗುವೆನೆಂದು ಹಟ ಹಿಡಿದಳು. ನಾನು ಯೋಗಿ, ಬೇಕಾದರೆ ನನ್ನ ಯೋಗದಂಡದೊಂದಿಗೆ ಮದುವೆಯಾಗು ಎಂದ ಸಿದ್ಧರಾಮ. ಆಕೆ ಒಪ್ಪಿದಳು. ಮದುವೆಯ ಬೆನ್ನಿಗೇ ಆಕೆ ಅಗ್ನಿಪ್ರವೇಶ ಮಾಡಿದಳು ಎನ್ನುತ್ತದೆ ಐತಿಹ್ಯ. ಅಕ್ಷತೆಯ ನಂತರ ಹೋಮದ ಮೈದಾನದಲ್ಲಿ ಕುಂಬಾರಕನ್ಯೆಯ ಪ್ರತೀಕಕ್ಕೆ ಸೀರೆ ಉಡಿಸಿ ಅಗ್ನಿಗೆ ಅರ್ಪಿಸುತ್ತಾರೆ. ಸುತ್ತ ನೆರೆದ ಹೆಂಗಸರು ಕೈಮುಗಿಯುತ್ತಾರೆ.

ಆ ಕೈಮುಗಿಯುವಿಕೆಯನ್ನು ನಾನು ಹಗುರವಾಗಿ ನೋಡಲಾರೆ. ಒಬ್ಬ ಕುಂಬಾರರ ಮಗಳನ್ನು ಇಷ್ಟು ಶತಮಾನ ಮರೆಯದೆ ಮದುಮಗಳಾಗಿಸುವ ಊರು ಇನ್ನೆಲ್ಲಿದೆ? ಆದರೆ ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ನಮಗೆ ಸಿಕ್ಕಿರುವ ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಒಂದು ವಚನವಿದೆ. ಹೆಣ್ಣನ್ನು ಮಾಯೆ ಎಂದು ದೂರವಿಡುತ್ತಿದ್ದ ಲೋಕಕ್ಕೆ ಸಿದ್ಧರಾಮ ಅದರಲ್ಲಿ ಖಚಿತವಾಗಿ ಹೇಳುತ್ತಾನೆ: ಹೆಣ್ಣು ಬರೀ ಹೆಣ್ಣಲ್ಲ, ರಾಕ್ಷಸಿಯೂ ಅಲ್ಲ, ಆಕೆ ತನ್ನ ಮಲ್ಲಿಕಾರ್ಜುನನೇ ಕಣ್ಣೆದುರು ನಿಂತದ್ದು ಎಂದು. ಎಂಟು ಶತಮಾನಗಳ ಹಿಂದೆ ಒಬ್ಬ ಯೋಗಿ ಆಡಿದ ಮಾತು ಇದು.

ಬೆಂಕಿಗೆ ಹೋದ ಹುಡುಗಿಯ ಐತಿಹ್ಯ ಒಂದು ಕಡೆ, ಈ ವಚನ ಇನ್ನೊಂದು ಕಡೆ. ಎರಡೂ ಸಿದ್ಧರಾಮನ ಹೆಸರಿನಲ್ಲೇ ನಮ್ಮ ಕೈಗೆ ಬಂದಿವೆ. ಐತಿಹ್ಯವನ್ನು ಕಟ್ಟಿದವರು ಆತನನ್ನು ನೆನೆದವರು, ವಚನವನ್ನು ಹೇಳಿದವನು ಆತ. ಮಗಳಿಗೆ ಯಾವುದನ್ನು ಮೊದಲು ಹೇಳಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ವಚನವನ್ನು ಎನ್ನುತ್ತೇನೆ, ಎರಡನೆಯ ಯೋಚನೆಯಿಲ್ಲದೆ. ಹೋಮದ ದಿನ ಆ ಮೈದಾನದಲ್ಲಿ ಧ್ವನಿವರ್ಧಕ ಹೇಗೂ ಇರುತ್ತದೆ. ಅಗ್ನಿ ಹೊತ್ತಿಸುವ ಮೊದಲು ಆ ಒಂದು ವಚನವನ್ನು ಸೊಲ್ಲಾಪುರದ ಮನೆಮಾತುಗಳಲ್ಲೆಲ್ಲ ಓದಿಸಬಹುದು: ಕನ್ನಡದಲ್ಲಿ, ಮರಾಠಿಯಲ್ಲಿ, ಮಗ್ಗದ ಓಣಿಗಳ ತೆಲುಗಿನಲ್ಲಿ, ಉರ್ದುವಿನಲ್ಲಿ. ಓದುವವಳು ಕುಂಬಾರ ಓಣಿಯ ಶಾಲೆಗೆ ಹೋಗುವ ಹುಡುಗಿಯೇ ಆಗಿರಲಿ.